ಇಟಾಲಿಯನ್‌ನಲ್ಲಿ ಕುಡಿಯೋದು ‘ಬೇರೆ’

ಜಗಲಿ ಮಾತು: ಓದುಗರ ಪ್ರಶ್ನೆ, ನನ್ನ ಉತ್ತರ

ಇಟಲಿಯ ತ್ರಿಯೆಸ್ತೆ ಊರಿನಲ್ಲಿ ನಾವು 1996ರಿಂದ 2002ರವರೆಗೆ ಇದ್ದ ಬಗ್ಗೆ ಹೋದ ಸಂಚಿಕೆಯಲ್ಲಿ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ನಮ್ಮವರಿಗೆ ಬಂದರಿನ ಕಾಫಿ ಗೋದಾಮಿನಲ್ಲಿ ಕೆಲಸ. ನನಗೆ ಕೆಲಸ ಇರಲಿಲ್ಲ, ಕೆಳಮನೆಯ ಅಜ್ಜಿ ಇದ್ದರು. ಬಟಾಣಿ ಬಿಡಿಸುತ್ತಾ ಅವರೇ ನನಗೆ ಇಟಾಲಿಯನ್ ಕಲಿಸಿದರು. ಕ್ರಿಯಾಪದ ತಪ್ಪಿದರೆ ಬಟಾಣಿ ಸಿಪ್ಪೆ ನನ್ನ ಮಡಿಲಿಗೆ ಬೀಳುತ್ತಿತ್ತು. ಇಷ್ಟಕ್ಕೇ ಇಷ್ಟೊಂದು ಕಾಗದ ಬಂದೀತು ಅಂತ ಅಂದುಕೊಂಡಿರಲಿಲ್ಲ. ಅದರಲ್ಲೂ ಹೆಚ್ಚಿನವು ಇದೇ ಕ್ರಿಯಾಪದದ ಗೋಳು. ಶಿವಮೊಗ್ಗದಲ್ಲಿ ಮಳೆ ಬಿಟ್ಟಿಲ್ಲ, ಹೊರಗೆ ಹೋಗುವ ಹಾಗೂ ಇಲ್ಲ. ಈ ಸಲದ ಜಗಲಿ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಅಕ್ಕಾ, ಎಂ.ಎಸ್ಸಿ. ಓದಲು ಪಾದುವಾಕ್ಕೆ ಹೋಗುತ್ತಿದ್ದೇನೆ. ಪಾಠ ಇಂಗ್ಲಿಷಿನಲ್ಲೇ. ಆದರೆ ಅಂಗಡಿಗೆ, ಬಸ್ಸಿಗೆ, ಬಾಡಿಗೆ ಮನೆಗೆ ಇಟಾಲಿಯನ್ ಬೇಕಲ್ಲ. ಹೋಗುವುದಕ್ಕೆ ‘ಅಂದಾರೆ’. ಸರಿ. ‘ನಾನು ಹೋಗುತ್ತೇನೆ’ ಅನ್ನುವುದಕ್ಕೆ ‘ವಾದೊ’! ಇದು ಯಾವ ನ್ಯಾಯ? ಗೋಡೆ ತುಂಬ ಪಟ್ಟಿ ಅಂಟಿಸಿದ್ದೇನೆ. ಒಂದೂ ತಲೆಗೆ ಹೋಗುತ್ತಿಲ್ಲ.
(ಹೊಸನಗರದ ಹತ್ತಿರದಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಮೊದಲು ಆ ಪಟ್ಟಿ ಕಿತ್ತು ಹಾಕು ತಂಗಿ. ‘ಕಿತ್ತು’ ಅಂದೆ ನೋಡು. ಧಾತು ‘ಕೀಳು’. ಅದರಲ್ಲಿ ‘ತ್ತು’ ಎಲ್ಲಿಂದ ಬಂತು ಅಂತ ನೀನು ಯಾವತ್ತಾದರೂ ಕೇಳಿದ್ದೀಯಾ?

ಕೊನೆಕೊಯ್ಲಿನ ಹೊತ್ತಿಗೆ ನಮ್ಮ ತೋಟದ ಮನೆಗೆ ಅಸ್ಸಾಂ ಕಡೆಯ ಹುಡುಗನೊಬ್ಬ ಕೆಲಸಕ್ಕೆ ಬರುತ್ತಾನೆ. ಎರಡೇ ವರ್ಷದಲ್ಲಿ ಒಳ್ಳೆ ಕನ್ನಡ ಕಲಿತ. ಆದರೆ ‘ಅಕ್ಕಾ, ಬೀಗದ ಕೈ ಕೊಡಿದೆ’ ಅನ್ನುತ್ತಾನೆ, ‘ಗಾಡಿ ಹತ್ತಿರ ನಿಲ್ಲಿದೆ’ ಅನ್ನುತ್ತಾನೆ. ಅವನ ಲೆಕ್ಕ ಸರಿಯಾಗೇ ಇದೆ. ಮಾಡು–ಮಾಡಿದೆ, ಹಾಡು–ಹಾಡಿದೆ ಆದಮೇಲೆ ಕೊಡು–ಕೊಡಿದೆ ಆಗಬೇಕಲ್ವಾ? ನಾವು ಕೊಡು–ಕೊಟ್ಟೆ, ನಿಲ್ಲು–ನಿಂತೆ, ಏಳು–ಎದ್ದೆ, ಬರು–ಬಂದೆ ಅಂತೇವೆ, ಅಷ್ಟೇ ಅಲ್ಲದೆ ಅವನನ್ನು ನೋಡಿ ನಗುತ್ತೇವೆ.

ಹೀಗೆ ದಾರಿ ತಪ್ಪಿದ ಪದಗಳನ್ನು ಒಂದು ಕಡೆ ಗುಡ್ಡೆ ಹಾಕಿ ನೋಡು. ಇರು, ಬರು, ಹೋಗು, ಕೊಡು, ತಿನ್ನು, ಸಾಯು. ಎಲ್ಲ ದಿನಾ ಬಾಯಲ್ಲಿರುವವೇ. ಅಪರೂಪದ ಪದ ವಿಚಿತ್ರವಾಗಿದ್ದರೆ ಮಕ್ಕಳು ಆ ರೂಪ ಮರೆತು ಅದನ್ನು ನಿಯಮಕ್ಕೆ ಎಳೆದುಬಿಡುತ್ತಾರೆ. ದಿನಕ್ಕೆ ನೂರು ಸಲ ಕಿವಿಗೆ ಬೀಳುವುದನ್ನು ಯಾರೂ ಮರೆಯಲ್ಲ. ಅದಕ್ಕೇ ಅವು ಹಳೇ ಆಕಾರದಲ್ಲೇ ಉಳಿದುಕೊಂಡಿವೆ. ನಮ್ಮ ಅತ್ತೆಯ ಮೆಟ್ಟುಗತ್ತಿ ಸವೆದೂ ಸವೆದೂ ಕುಡುಗೋಲಿನ ಹಾಗಾಗಿತ್ತು. ಅವರ ಕೈಗೆ ಅದೇ ಒಗ್ಗಿತ್ತು, ಸಂತೆಯಲ್ಲಿ ತಂದ ಹೊಸದು ಮೂಲೆಯಲ್ಲಿತ್ತು. ಇಟಾಲಿಯನ್ನಿಗೆ ಹೊಸದಾಗಿ ಬಂದ ‘ಕ್ಲಿಕ್ಕಾರೆ’, ಅಂದರೆ ಕಂಪ್ಯೂಟರಿನಲ್ಲಿ ಕ್ಲಿಕ್ ಮಾಡುವುದು, ಒಂದು ರೂಪದಲ್ಲೂ ನಿಯಮ ಮೀರುವುದಿಲ್ಲ. ನಮ್ಮ ‘ಕ್ಲಿಕ್ಕಿಸಿದೆ’ ಕೂಡ ಹಾಗೇ.

ಈಗ ನಿನ್ನ ‘ವಾದೊ’. ಅಲ್ಲಿ ಎರಡು ಬೇರೆ ಕ್ರಿಯಾಪದಗಳು ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿವೆ. ವಾದೊ, ವಾಯ್, ವಾ, ವಾನ್ನೊ: ಇವು ಇಟಾಲಿಯನ್ನಿನ ತಾಯಿ ಲ್ಯಾಟಿನ್ನಿನ ‘ವಾದೆರೆ’ ಕಡೆಯವು. ‘ನಾವು’ ಮತ್ತು ‘ನೀವು’ ಮಾತ್ರ ಅಂದ್ಯಾಮೊ, ಅಂದಾತೆ. ಇದರಲ್ಲೊಂದು ಗುಟ್ಟಿದೆ. ವರ್ತಮಾನದಲ್ಲಿ ನಾವು–ನೀವು ರೂಪಗಳ ಒತ್ತು ಕೊನೆಯ ಪ್ರತ್ಯಯದ ಮೇಲೆ ಬೀಳುತ್ತದೆ, ಉಳಿದ ನಾಲ್ಕರಲ್ಲಿ ಧಾತುವಿನ ಮೇಲೆ. ಪೆಟ್ಟು ಬಿದ್ದಲ್ಲಿ ಧಾತು ಬದಲಾಗುತ್ತದೆ, ಬೀಳದಲ್ಲಿ ಸುಮ್ಮನಿರುತ್ತದೆ. ಹೊರಗೆ ಹೋಗುವುದಕ್ಕೆ ‘ಉಶೀರೆ’. ಅದು ನಾನು ‘ಎಸ್ಕೊ’, ನಾವು ‘ಉಶ್ಯಾಮೊ’. ಅದೇ ಕತೆ.

ಪಟ್ಟಿ ಯಾಕೆ ಬೇಡ ಅಂದೆ ಗೊತ್ತಾ? ಇಟಾಲಿಯನ್‌ನ ನಿಶ್ಚಯಾರ್ಥದಲ್ಲಿ (ಇದ್ದದ್ದನ್ನು ಇದ್ದ ಹಾಗೆ ಹೇಳುವುದು) 8 ಕಾಲ, ‘ಕೊಂಜುಂತೀವೊ’ದಲ್ಲಿ (ಮಾಡಿಯಾನು, ಮಾಡಲಿ ಅನ್ನುವಂಥದ್ದು) 4, ‘ಕೊಂದಿಸ್ಯೊನಾಲೆ’ಯಲ್ಲಿ (ಹಾಗಿದ್ದಿದ್ದರೆ ಮಾಡುತ್ತಿದ್ದೆ ಅನ್ನುವಂಥದ್ದು) 2. ಹೇಳಿದರೆ ಹೆದರಿಕೆ. ಆದರೆ ಇದರಲ್ಲಿ ಸರಿಯಾಗಿ ಅರ್ಧ ಜೋಡು ರೂಪಗಳು. ಒಂದು ಸಹಾಯಕ ಪದ, ಅದರ ಪಕ್ಕ ‘ಮಾಡಿದ ಕೆಲಸ’ದಲ್ಲಿರುವ ‘ಮಾಡಿದ’ ಅನ್ನುವಂಥ ಒಂದು ಪದ, ಅಷ್ಟೇ. ಉಳಿದದ್ದಕ್ಕೆ ಪ್ರತಿ ಕ್ರಿಯಾಪದದ 5 ರೂಪ ಬಾಯಿಪಾಠ ಮಾಡು ಸಾಕು. ‘ಫಾರೆ’ ತಗೊ, ಮಾಡುವುದು. ಅದರ ಐದು: ಫಾಚ್ಚೊ, ಫಚೇವೊ, ಫರೋ, ಫೇಚಿ, ಫಾತ್ತೊ. ಮಾಡುತ್ತೇನೆ, ಮಾಡುತ್ತಿದ್ದೆ, ಮಾಡುವೆನು, ಮಾಡಿದೆ, ಮಾಡಿದ. ‘ಫಾಚ್ಚೊ’ದ ಕೊನೆಯ ಓ ತೆಗೆದು ಅ ಇಟ್ಟರೆ ‘ಫಾಚ್ಚ’, ಅದು ಕೊಂಜುಂತೀವೊ. ‘ಫಚೇವೊ’ ಗೊತ್ತಿದ್ದರೆ ‘ಫಚೆಂದೊ’ (ಮಾಡುತ್ತಾ), ‘ಫಚೆಸ್ಸಿ’ (ನಾನು ಮಾಡಿದ್ದರೆ) ತಾನಾಗೇ ಬರುತ್ತವೆ. ‘ಫರೋ’ದಿಂದ ‘ಫರೇಯ್’, ಅದು ಕೊಂದಿಸ್ಯೊನಾಲೆ. ‘ಫೇಚಿ’ಯಿಂದ ‘ಫೇಚೆ’ (ಅವನು ಮಾಡಿದ), ‘ಫೇಚೆರೊ’ (ಅವರು ಮಾಡಿದರು). ‘ಫಾತ್ತೊ’ದಿಂದ ಆ ಜೋಡು ರೂಪಗಳೆಲ್ಲ.

ಮಧ್ಯದಲ್ಲಿ ‘ಚ’ ಎಲ್ಲಿಂದ ಬಂತು ಅಂದರೆ, ‘ಫಾರೆ’ ಹಿಂದೆ ‘ಫಾಚೆರೆ’ ಆಗಿತ್ತು. ಹೆಸರು ಮೋಟಾಯಿತು, ಒಳಗಿನ ಮಾಲು ಹಾಗೇ ಉಳಿಯಿತು. ಕುಡಿಯುವುದಕ್ಕೂ ಇದೇ ಆಗಿದೆ. ಅದರ ಹೆಸರು ‘ಬೇರೆ’. ನಿಜವಾಗಿ ಅದರ ಹೆಸರೂ ಬೇರೆ, ಒಳಗಿರುವುದೂ ಬೇರೆ! ಹಳೇ ಹೆಸರು ‘ಬೇವೆರೆ’. ಹಾಗಾಗಿ ಕುಡಿಯುತ್ತೇನೆ ಅನ್ನಲು ‘ಬೇವೊ’, ಕುಡಿಯುತ್ತಿದ್ದೆ ಅನ್ನಲು ‘ಬೆವೇವೊ’. ನಾನು ಮೊದಲ ವಾರ ಅಜ್ಜಿಯ ಹತ್ತಿರ ‘ಬೇರೊ’ ಅಂದು ಸಿಪ್ಪೆ ತಿಂದೆ. ಬೇವಿನ ಕಷಾಯ ಕುಡಿಯುತ್ತೇನೆ ಅಂತ ನೆನಪಿಟ್ಟುಕೊ, ತಪ್ಪಲ್ಲ. ಹಾಗೇ ‘ದಾರೆ’ ಅಂದರೆ ಕೊಡುವುದು. ನಿನ್ನ ಮದುವೆಯಲ್ಲಿ ಧಾರೆ ಎರೆದು ಕೊಡುತ್ತಾರಲ್ಲ, ಮರೆಯುವ ಪ್ರಶ್ನೆಯೇ ಇಲ್ಲ.

ಈ ದಾರಿಗೂ ಬಗ್ಗದ ಐದು ಪುಂಡರಿದ್ದಾರೆ. ‘ನಾನು’ ರೂಪದಲ್ಲಿ ಅವರು ಸೋನೊ, ಒ, ಸೊ, ದೊ, ಸ್ತೊ. ಅಂದರೆ ಆಗಿದ್ದೇನೆ, ನನ್ನ ಹತ್ತಿರ ಇದೆ, ನನಗೆ ಗೊತ್ತು, ಕೊಡುತ್ತೇನೆ, ಇರುತ್ತೇನೆ. ಇವರ ಕೊಂಜುಂತೀವೊ ಸೀಯ, ಅಬ್ಬ್ಯ, ಸಪ್ಪ್ಯ, ದೀಯ, ಸ್ತೀಯ. ಇದಕ್ಕೆ ಉಪಾಯ ಇಲ್ಲ, ಉರು ಹೊಡಿ. ಬೇಕಿದ್ದರೆ ಇದೊಂದನ್ನು ಗೋಡೆಗೆ ಅಂಟಿಸು.

ಇನ್ನೊಂದು ಮರೆತೆ. ಊರಿಗೆ ಹೋಗಿದ್ದೆ ಅನ್ನುವಾಗ ನೀನು ‘ಅಂದಾತಾ’ ಅನ್ನಬೇಕು, ನಿನ್ನ ತಮ್ಮನಾದರೆ ‘ಅಂದಾತೊ’. ನಮ್ಮಲ್ಲಿ ಹೋದ–ಹೋದಳು ಅಂತ ಬೇರೆಯವರಿಗೆ ಮಾತ್ರ ಗಂಡು–ಹೆಣ್ಣು. ಅಲ್ಲಿ ನಮಗೆ ನಾವೇ ಹೇಳಿಕೊಳ್ಳುವಾಗಲೂ ಇದೆ. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು, ಇಂಥವುಗಳಲ್ಲಿ ಹೀಗೆ.

ಪ್ರಶ್ನೆ: ಮೇಡಂ, ಕಾಫಿ ಕೊಳ್ಳುವ ಇಟಲಿಯವರು ಇಬ್ಬರು ನಮ್ಮ ತೋಟ ನೋಡಲು ಬಂದಿದ್ದರು. ಮುಂದಿನ ವರ್ಷವೂ ಬನ್ನಿ ಅಂತ ಕರೆದೆ. ಒಬ್ಬರು ‘ವೆರ್ರೋ’ ಅಂದರು, ಇನ್ನೊಬ್ಬರು ‘ವೆರ್ರೇಯ್’ ಅಂದರು. ನಾನು ಎರಡಕ್ಕೂ ತಲೆ ಆಡಿಸಿದೆ. ಬರುತ್ತಾರೋ ಇಲ್ಲವೋ?
(ಕೊಪ್ಪದ ಬೆಳೆಗಾರರು)

ಉತ್ತರ: ಮೊದಲಿನವರಿಗೆ ಕೋಣೆ ಗುಡಿಸಿ ಇಡಿ. ಎರಡನೆಯವರನ್ನು ನೆಚ್ಚಿಕೊಳ್ಳಬೇಡಿ ಮಾರಾಯ್ರೆ. ‘ವೆರ್ರೋ’ ಅಂದರೆ ಬರುತ್ತೇನೆ. ‘ವೆರ್ರೇಯ್’ ಅಂದರೆ ಬರುತ್ತಿದ್ದೆ, ಆದರೆ... ಆ ‘ಆದರೆ’ಯನ್ನು ಅವರು ಬಾಯಿಬಿಟ್ಟು ಹೇಳಿಲ್ಲ.

ಕೊಪ್ಪದವರು ಕೇಳಿದ್ದು ನನಗೆ ಖುಷಿ. ಇದರ ಹುಟ್ಟನ್ನು ಬೆಂಗಳೂರಿನವರಿಗಿಂತ ನಿಮಗೆ ಹೇಳುವುದು ಸುಲಭ. ‘ನನಗೆ ನಾಳೆ ಶೃಂಗೇರಿಗೆ ಹೋಗಲಿಕ್ಕುಂಟು’ ಅಂತೀರಿ ಅಲ್ವಾ? ಲ್ಯಾಟಿನ್ ಆಡುವ ಜನವೂ ಹೀಗೇ ಮಾತಾಡಲು ಶುರು ಮಾಡಿದರು. ‘ಕಂತಾರೆ ಹಾಬೆಯೊ’, ನನಗೆ ಹಾಡಲಿಕ್ಕುಂಟು. ಕಾಲ ಕಳೆದ ಹಾಗೆ ಆ ಎರಡು ಪದ ಅಂಟಿಕೊಂಡು ‘ಕಂತೆರೋ’ ಆಯಿತು. ಇಟಾಲಿಯನ್ ಭವಿಷ್ಯತ್ಕಾಲ ಅಂದರೆ ಅದೇ ‘ಲಿಕ್ಕುಂಟು’. ಇನ್ನು ಆ ‘ಉಂಟು’ವನ್ನು ಹಿಂದಕ್ಕೆ ತಳ್ಳಿ. ‘ಹೋಗಲಿಕ್ಕಿತ್ತು’. ಆಯಿತಲ್ಲ ಕೊಂದಿಸ್ಯೊನಾಲೆ! ‘ಅಂದ್ರೋ’ ಅಂದರೆ ಹೋಗಲಿಕ್ಕುಂಟು, ‘ಅಂದ್ರೇಯ್’ ಅಂದರೆ ಹೋಗಲಿಕ್ಕಿತ್ತು. ಅಲ್ಲೂ ನಿಜವಾಗಿ ನಡೆದದ್ದು ಇದೇ. ‘ಇದೆ’ ಅನ್ನುವ ಪದದ ಭೂತರೂಪವೇ ಬಾಲವಾಗಿ ಅಂಟಿಕೊಂಡಿದೆ. ಎರಡಕ್ಕೂ ಮುಂಭಾಗ ಒಂದೇ ಆದ್ದರಿಂದ ಒಂದು ಕಲಿತರೆ ಇನ್ನೊಂದು ಪುಕ್ಕಟೆ.

ಜೋಡಿ ‘ರ್ರ’ ಎಲ್ಲಿಂದ? ಮೂಲ ಪದ ‘ವೆನೀರೆ’. ಅವಸರದ ಬಾಯಿಯಲ್ಲಿ ನಡುವಿನ ಸ್ವರ ಹಾರಿಹೋಗಿ ನ ಮತ್ತು ರ ಡಿಕ್ಕಿ ಹೊಡೆದವು, ನ ಸೋತಿತು. ನಮ್ಮ ಹಳ್ಳಿ ಕಡೆ ‘ಬರ್ತಾನೆ’ ಹೋಗಿ ‘ಬತ್ತಾನೆ’ ಆಗಿಲ್ವಾ, ಹಾಗೇ. ಬೇಕು ಅನ್ನುವ ‘ವೊಲೇರೆ’ಯೂ ಹೀಗೇ ‘ವೊರ್ರೋ’, ‘ವೊರ್ರೇಯ್’.

ಈ ‘ವೊರ್ರೇಯ್’ ನನಗೆ ಮರ್ಯಾದೆ ಕಲಿಸಿದ ಪದ. ತ್ರಿಯೆಸ್ತೆಯಲ್ಲಿ ಮೊದಲ ಸಲ ಕಾಫಿ ಅಂಗಡಿಗೆ ಹೋದಾಗ, ಬೇಕು ಅಂದರೆ ‘ವೋಲ್ಯೊ’ ಅಂತ ಪುಸ್ತಕದಲ್ಲಿ ಓದಿದ್ದನ್ನು ಗಟ್ಟಿಯಾಗಿ ಹೇಳಿದೆ. ಅಂಗಡಿಯವನು ಕಾಫಿ ಕೊಟ್ಟ, ಮುಖ ಕೊಡಲಿಲ್ಲ. ಅಜ್ಜಿ ಆಮೇಲೆ ಹೇಳಿದರು: ‘ವೋಲ್ಯೊ’ ಅಂತ ಹಟ ಮಾಡುವುದು ಮಕ್ಕಳು. ದೊಡ್ಡವರು ‘ವೊರ್ರೇಯ್ ಉನ್ ನೇರೊ’ ಅನ್ನಬೇಕು, ಒಂದು ನೇರೊ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ. ‘ನೇರೊ’ ಅಂದರೆ ಕಪ್ಪು. ಆ ಊರಲ್ಲಿ ಎಸ್ಪ್ರೆಸ್ಸೊಗೆ ಹಾಗೇ ಅನ್ನುವುದು. ಅದಕ್ಕೆ ಚೂರು ಹಾಲು ಬಿಟ್ಟರೆ ‘ಕಾಪೊ’. ಬೇರೆ ಊರಲ್ಲಿ ಈ ಹೆಸರು ಹೇಳಿದರೆ ಪಿಳಿಪಿಳಿ ನೋಡುತ್ತಾರೆ. ನಿಮ್ಮ ಅತಿಥಿಗಳು ಯಾವ ಊರಿನವರು ಅಂತ ಇದರಲ್ಲೇ ಪತ್ತೆ ಮಾಡಬಹುದು.

ಪ್ರಶ್ನೆ: ‘ಕೊಂಜುಂತೀವೊ’ ಎಂಬುದು ಯುರೋಪಿನ ಭಾಷೆಗಳ ವಿಶೇಷವೆಂದು ಓದಿದ್ದೇನೆ. ಕನ್ನಡದಲ್ಲಿ ಅಂಥದ್ದು ಇಲ್ಲವಲ್ಲ, ನಮ್ಮವರಿಗೆ ಹೇಗೆ ಅರ್ಥ ಮಾಡಿಸುವುದು?
(ಸಾಗರದಿಂದ ಕನ್ನಡ ಮೇಷ್ಟ್ರೊಬ್ಬರು)

ಉತ್ತರ: ಮೇಷ್ಟ್ರೇ, ನೀವೇ ಹೀಗಂದರೆ ಹೇಗೆ! ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಅಂತ ಹಲಗೆಯ ಮೇಲೆ ಬರೆಸುವವರು ನೀವೇ ಅಲ್ವಾ?

ನಮ್ಮ ಅಜ್ಜಿಮನೆ ಆಗುಂಬೆ ಘಾಟಿಯ ಹತ್ತಿರ. ಅಂಗಳದಲ್ಲಿ ಅಡಿಕೆ ಒಣಗಿಸಿದ್ದರೆ ಅಜ್ಜಿ ಆಕಾಶ ನೋಡಿ ‘ಮಳೆ ಬಂದೀತು’ ಅನ್ನುತ್ತಿದ್ದರು. ‘ಬರುತ್ತದೆ’ ಅಲ್ಲ. ಬರುತ್ತದೆ ಅನ್ನಲು ಅವರಿಗೆ ಖಾತ್ರಿ ಇಲ್ಲ, ಬರುವುದಿಲ್ಲ ಅನ್ನಲು ಧೈರ್ಯ ಇಲ್ಲ. ನಾವು ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಓಡಿದರೆ ‘ಬಿದ್ದೀಯ!’ ಈ ‘ಬಿದ್ದೀಯ’ ಇದೆಯಲ್ಲ, ಕೊಂಜುಂತೀವೊದ ಜೀವ ಅದರಲ್ಲಿದೆ. ಇಟಾಲಿಯನ್ ತಾಯಿ ‘ನೀನು ಬಿದ್ದೀಯ ಅಂತ ಭಯ’ ಅನ್ನುವಾಗ ‘ಕಾದಿ’ ಅನ್ನುವುದಿಲ್ಲ, ‘ಕಾದ’ ಅನ್ನುತ್ತಾಳೆ. ‘ಸೊ ಕೆ ವ್ಯೇನೆ’, ಅವನು ಬರುತ್ತಾನೆ ಅಂತ ಗೊತ್ತು. ‘ಕ್ರೇದೊ ಕೆ ವೆಂಗ’, ಬಂದಾನು ಅನ್ನಿಸುತ್ತೆ. ಗೊತ್ತಿದ್ದರೆ ಒಂದು ರೂಪ, ಅನ್ನಿಸಿದರೆ, ಆಸೆಪಟ್ಟರೆ, ಹೆದರಿದರೆ ಇನ್ನೊಂದು.

ಪೂರ್ತಿ ಒಂದೇ ಅಂತ ನಾನು ಹೇಳುತ್ತಿಲ್ಲ. ಅವರ ಕೊಂಜುಂತೀವೊ ಸಾಮಾನ್ಯವಾಗಿ ಇನ್ನೊಂದು ವಾಕ್ಯಕ್ಕೆ ಜೋತುಬಿದ್ದೇ ಬರುತ್ತದೆ. ನಮ್ಮ ‘ಬಂದೀತು’ ಒಂಟಿಯಾಗಿಯೂ ನಿಲ್ಲುತ್ತದೆ. ಅವರಲ್ಲಿ ಅದು ಒಂಟಿಯಾಗಿ ನಿಂತರೆ ನಮ್ಮ ‘ಬರಲಿ’ ಆಗುತ್ತದೆ. ‘ಕೆ ವೆಂಗ’, ಬರಲಿ ಬಿಡು.

ಅದಕ್ಕಿಂತ ಚೆಂದದ್ದು ಇನ್ನೊಂದಿದೆ. ಮರ್ಯಾದೆಯಿಂದ ‘ಬನ್ನಿ’ ಅನ್ನಲು ಅವರು ಇದೇ ‘ವೆಂಗ’ ಬಳಸುತ್ತಾರೆ. ಎದುರಿಗಿರುವ ಹಿರಿಯರನ್ನು ‘ನೀವು’ ಅನ್ನದೆ, ಬೇರೆ ಯಾರನ್ನೋ ಕುರಿತ ಹಾಗೆ ಮಾತಾಡುತ್ತಾರೆ. ಮಠಕ್ಕೆ ಹೋದಾಗ ‘ಬುದ್ಧಿಯವರು ಬರೋಣವಾಗಲಿ’ ಅನ್ನುವುದಿಲ್ಲವೇ? ತ್ರಿಯೆಸ್ತೆಯಲ್ಲಿ ತರಕಾರಿ ಅಂಗಡಿಯವನು ನನ್ನ ಸರದಿ ಬಂದಾಗ ‘ದೀಕ, ಸಿನ್ಯೋರ!’ ಅನ್ನುತ್ತಿದ್ದ. ಅಮ್ಮನವರು ಹೇಳೋಣವಾಗಲಿ! ಎರಡು ಈರುಳ್ಳಿ ಕೊಳ್ಳಲು ಹೋದವಳಿಗೆ.

ಪ್ರಶ್ನೆ: ಹೋದ ಸಲ ನೀವು ‘ಸಮಯ ಇದ್ದಿದ್ದರೆ ಬರುತ್ತಿದ್ದೆ’ ಅನ್ನುವುದಕ್ಕೆ ‘ಸೆ ಅವ್ರೇಯ್ ತೆಂಪೊ, ವೆರ್ರೇಯ್’ ಅಂತ ಬರೆದಿದ್ದೀರಿ. ‘ಸೆ ಅವೆಸ್ಸಿ’ ಆಗಬೇಕಲ್ಲವೇ?
(ಶಿವಮೊಗ್ಗ ವಿನೋಬನಗರ)

ಉತ್ತರ: ಆಗಬೇಕು. ನೂರಕ್ಕೆ ನೂರು. ‘ಇದ್ದಿದ್ದರೆ’ ಜಾಗದಲ್ಲಿ ಕೊಂಜುಂತೀವೊ, ‘ಬರುತ್ತಿದ್ದೆ’ ಜಾಗದಲ್ಲಿ ಮಾತ್ರ ಕೊಂದಿಸ್ಯೊನಾಲೆ. ಎರಡೂ ಕಡೆ ಒಂದೇ ಇಟ್ಟದ್ದು ನನ್ನ ತಪ್ಪು. ಇಟಲಿಯ ಶಾಲೆಗಳಲ್ಲಿ ಮಕ್ಕಳು ಬೈಸಿಕೊಳ್ಳುವುದೂ ಇದಕ್ಕೇ ಅಂತ ಸಮಾಧಾನ ಮಾಡಿಕೊಂಡೆ. ಅಜ್ಜಿ ಇದ್ದಿದ್ದರೆ ಒಂದು ಬುಟ್ಟಿ ಸಿಪ್ಪೆ ಬೀಳುತ್ತಿತ್ತು.

ಪ್ರಶ್ನೆ: ಮೊಮ್ಮಗಳು ಕಳಿಸಿದ ಇಟಾಲಿಯನ್ ಮಕ್ಕಳ ಕತೆಗಳನ್ನು ನಿಘಂಟು ಇಟ್ಟುಕೊಂಡು ಓದುತ್ತಿದ್ದೇನೆ. ನನಗೆ 71. ‘ಫೇಚೆ’, ‘ದಿಸ್ಸೆ’, ‘ಮೀಸೆ’ ಇಂಥ ಪದಗಳು ಸಾಲು ಸಾಲಾಗಿ ಬರುತ್ತವೆ, ನಿಘಂಟಿನಲ್ಲಿ ಸಿಗುವುದಿಲ್ಲ. ನನ್ನ ನಿಘಂಟು ಸರಿ ಇಲ್ಲವೇ?
(ತೀರ್ಥಹಳ್ಳಿಯಿಂದ ನಿವೃತ್ತ ಪೋಸ್ಟ್‌ಮಾಸ್ಟರ್)

ಉತ್ತರ: ನಿಘಂಟು ಸರಿ ಇದೆ ಸಾರ್. ನಮ್ಮ ನಿಘಂಟಿನಲ್ಲಿ ‘ಎದ್ದ’ ಹುಡುಕಿದರೆ ಸಿಗುತ್ತದೆಯೇ? ‘ಏಳು’ ನೋಡಬೇಕು. ಇವೆಲ್ಲ ‘ಪಸ್ಸಾತೊ ರೆಮೋತೊ’, ದೂರದ ಭೂತಕಾಲ. ಕತೆ ‘ಚೇರ ಉನ ವೋಲ್ತ’ ಅಂತ, ಅಂದರೆ ಒಂದಾನೊಂದು ಕಾಲದಲ್ಲಿ ಇದ್ದ ಅಂತ ಶುರುವಾದ ಮೇಲೆ ಇವುಗಳದ್ದೇ ರಾಜ್ಯ.

ಇದರಲ್ಲಿ ಆರು ಪುರುಷರೂಪ ಇದ್ದರೂ ಕೆಟ್ಟವು ಮೂರೇ: ನಾನು, ಅವನು, ಅವರು. ಬರೆಯುವುದಕ್ಕೆ ‘ಸ್ಕ್ರೀವೆರೆ’. ಅದು ಸ್ಕ್ರಿಸ್ಸಿ, ಸ್ಕ್ರಿಸ್ಸೆ, ಸ್ಕ್ರಿಸ್ಸೆರೊ. ನೀನು, ನಾವು, ನೀವು ಸಾಧುಗಳು: ಸ್ಕ್ರಿವೆಸ್ತಿ, ಸ್ಕ್ರಿವೆಮ್ಮೊ, ಸ್ಕ್ರಿವೆಸ್ತೆ. ಹೆಚ್ಚಿನ ಪುಂಡ ಪದಗಳೆಲ್ಲ ಹೀಗೇ ಕುಣಿಯುತ್ತವೆ. ನೀವು ಕತೆ ಓದುವವರು, ಮಾತಾಡುವವರಲ್ಲ. ನಿಮಗೆ ‘ಅವನು’ ಒಬ್ಬನೇ ಸಾಕು. ಹತ್ತು ಪದ ಕೊಡುತ್ತೇನೆ, ಪುಸ್ತಕದ ಹಿಂದೆ ಬರೆದುಕೊಳ್ಳಿ. ಫು: ಇದ್ದ. ಎಬ್ಬೆ: ಅವನ ಹತ್ತಿರ ಇತ್ತು. ಫೇಚೆ: ಮಾಡಿದ. ದಿಸ್ಸೆ: ಹೇಳಿದ. ರಿಸ್ಪೋಸೆ: ಉತ್ತರ ಕೊಟ್ಟ. ವೆನ್ನೆ: ಬಂದ. ವೀದೆ: ನೋಡಿದ. ಪ್ರೇಸೆ: ತಗೊಂಡ. ದ್ಯೇದೆ: ಕೊಟ್ಟ. ಇನ್ನು ‘ಮೀಸೆ’ ಅಂದರೆ ಇಟ್ಟ. ಮೀಸೆ ಬಿಟ್ಟ ಅಲ್ಲ, ಇಟ್ಟ.

ಇದನ್ನು ಬಾಯಲ್ಲಿ ಆಡುತ್ತಾರೋ ಅಂದರೆ ಅದು ಊರಿನ ಮೇಲೆ. ತ್ರಿಯೆಸ್ತೆ ಉತ್ತರದ ತುದಿ. ಕೆಳಮನೆಯ ಅಜ್ಜಿ 1945ರ ಯುದ್ಧದ ದಿನಗಳನ್ನು ಹೇಳುವಾಗಲೂ ‘ಸೋನೊ ಅಂದಾತಾ’ ಅಂತ ಜೋಡು ರೂಪದಲ್ಲೇ ಹೇಳುತ್ತಿದ್ದರು, ನಿನ್ನೆ ನಡೆದ ಹಾಗೆ. ಒಮ್ಮೆ ಸಿಸಿಲಿಯ ಕತಾನಿಯಾಕ್ಕೆ ಹೋಗಿದ್ದೆವು. ಅಲ್ಲಿನ ಮೀನು ಮಾರುಕಟ್ಟೆಯಲ್ಲಿ ಒಬ್ಬ ಇನ್ನೂ ಬಾಲ ಬಡಿಯುವ ಮೀನು ಎತ್ತಿ ತೋರಿಸಿ ‘ಪ್ರೇಸಿ’ ಅಂದ. ದೂರದ ಭೂತಕಾಲದಲ್ಲಿ ಹಿಡಿದನಂತೆ! ದಕ್ಷಿಣದಲ್ಲಿ, ಅದರಲ್ಲೂ ಸಿಸಿಲಿಯಲ್ಲಿ, ಬೆಳಗಿನ ಸುದ್ದಿಗೂ ಇದೇ ಕಾಲ ಬಳಸುವುದುಂಟು.

ಪ್ರಶ್ನೆ: ‘ಒ’, ‘ಆಯ್’, ‘ಆ’ (ನನ್ನ, ನಿನ್ನ, ಅವನ ಹತ್ತಿರ ಇದೆ) ಅನ್ನುವ ರೂಪಗಳನ್ನು ಬರೆಯುವಾಗ ಮುಂದೆ ಒಂದು ‘ಹ’ಕಾರ ಹಾಕುತ್ತಾರೆ, ಓದುವಾಗ ಬಿಡುತ್ತಾರೆ. ಯಾಕೆ?
(ಸೊರಬ)

ಉತ್ತರ: ಹಾಕದಿದ್ದರೆ ‘ಒ’ ಅಂದರೆ ‘ಅಥವಾ’ ಆಗುತ್ತದೆ, ‘ಆ’ ಅಂದರೆ ‘–ಗೆ’ ಆಗುತ್ತದೆ. ಕಣ್ಣಿಗೊಂದು ಗುರುತು, ಅಷ್ಟೇ. ಜೋಡಿ ಅಕ್ಷರ ಮಾತ್ರ ನುಂಗಬೇಡಿ. ‘ಸೇತೆ’ ಬಾಯಾರಿಕೆ, ‘ಸೆತ್ತೆ’ 7ರ ಅಂಕಿ. ಕತೆಗೂ ಕತ್ತೆಗೂ ವ್ಯತ್ಯಾಸ ಗೊತ್ತಿರುವ ನಮಗೆ ಇದೇನು ಕಷ್ಟ?

ಪ್ರಶ್ನೆ: ಅಮ್ಮಾ, ನನ್ನ ಮಗ–ಸೊಸೆ ಮಿಲಾನ್‌ನಲ್ಲಿದ್ದಾರೆ. ರಜೆಗೆ ಬಂದಿದ್ದಾರೆ. ಮೂರು ವರ್ಷದ ಮೊಮ್ಮಗ ನನ್ನ ಸೆರಗು ಹಿಡಿದು ‘ದಮ್ಮಿ, ದಮ್ಮಿ’ ಅಂತಾನೆ. ‘ದಮ್ಮಯ್ಯ’ ಅಂತಿದ್ದಾನೆ ಅಂದುಕೊಂಡು ಎತ್ತಿಕೊಂಡರೆ ಇನ್ನೂ ಜೋರಾಗಿ ಅಳುತ್ತಾನೆ. ಸೊಸೆಯನ್ನು ಕೇಳಲು ಸಂಕೋಚ.
(ಭದ್ರಾವತಿ)

ಉತ್ತರ: ಎತ್ತಿಕೊಳ್ಳುವುದು ಬೇಡವಂತೆ ಅವನಿಗೆ, ಕೈಯಲ್ಲಿರುವುದು ಬೇಕಂತೆ! ಕೊಡು ಅನ್ನುವುದಕ್ಕೆ ‘ದಾ’. ನನಗೆ ಅನ್ನುವುದಕ್ಕೆ ‘ಮಿ’. ಎರಡೂ ಸೇರಿದಾಗ ಮ ಇಮ್ಮಡಿಯಾಗಿ ‘ದಮ್ಮಿ’, ನನಗೆ ಕೊಡು. ನಮ್ಮಲ್ಲಿ ಬರು, ತರು ಎರಡೂ ಅಪ್ಪಣೆ ಕೊಡುವಾಗ ಬಾ, ತಾ ಅಂತ ಮೋಟಾಗುತ್ತವಲ್ಲ, ಅಲ್ಲೂ ಹೀಗೆ ಮೋಟಾಗುವವು ಐದಿವೆ: ವಾ, ದಾ, ಫಾ, ಸ್ತಾ, ದೀ. ಅವನು ಯಾವತ್ತಾದರೂ ‘ದಿಮ್ಮಿ’ ಅಂದರೆ ‘ನನಗೆ ಹೇಳು’ ಅಂತ, ಬಹುಶಃ ಕತೆ ಕೇಳುತ್ತಿದ್ದಾನೆ. ಬೇಡ ಅನ್ನುವುದು ಇನ್ನೂ ಸುಲಭ. ಮೂಲ ಪದದ ಮುಂದೆ ‘ನೊನ್’ ಹಾಕಿ. ‘ನೊನ್ ಅಂದಾರೆ’, ಹೋಗಬೇಡ. ನೀವು ‘ನೊನ್ನ’, ಅಂದರೆ ಅಜ್ಜಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆದರಬೇಡಿ.

ಇನ್ನೊಂದು ಸಲ ‘ದಮ್ಮಿ’ ಅಂದಾಗ ಒಂದು ಕೋಡುಬಳೆ ಕೈಗಿಟ್ಟು ‘ಎಕ್ಕೊ’ ಅನ್ನಿ. ಆ ಪದಕ್ಕೆ ಕಾಲ, ಪುರುಷ, ವಚನ ಏನೂ ಇಲ್ಲ. ನಾಲಿಗೆ ತಿರುಗದಿದ್ದರೆ ನಮ್ಮ ‘ಇಗೋ’ ಅಂದರೂ ಅವನಿಗೆ ಅರ್ಥವಾದೀತು.